ಅರ್ಧ ನಿಮಿಷದ ಸಲಹೆ

ಮೊನ್ನೆ ಚಿತ್ರದುರ್ಗಕ್ಕೆ ಹೊರಟಿದ್ದ ನಮ್ಮ ಬಸ್ಸನ್ನು ಕುರಿಮಂದೆಯೊಂದು ನಿಲ್ಲಿಸಿತು. ಆ ಕಡೆ ಓಡಾಡಿದವರಾದರೆ ನಿಮಗೂ ಇದು ಹೊಸದಲ್ಲ. ನೆಂದ ತುಪ್ಪಟದ ವಾಸನೆ ಕಿಟಕಿಯೊಳಗೆ ನುಗ್ಗಿತು. ಪಕ್ಕದವರು ಮೂಗಿಗೆ ಕರ್ಚೀಫು ಹಿಡಿದರು. ನನಗೆ ಕರಿಯಮ್ಮ ನೆನಪಾದಳು.

ಯಲ್ಲದಕೆರೆ ಕಡೆಯ ಕುರಿಗಾಹಿಯೊಬ್ಬರ ಮಗಳು, ನನ್ನ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ನಾನು ಗಣಿತದ ಮೇಷ್ಟ್ರು. ಲೆಕ್ಕ ತಪ್ಪಿದರೂ ಸಹಿಸಿಯೇನು, ತಡವಾಗಿ ಬಂದರೆ ಸಹಿಸಲಾರೆ ಎಂಬ ಜಂಬದವನು. ಒಂದು ಬೆಳಿಗ್ಗೆ ಅವಳು ಎರಡನೇ ಪಿರಿಯಡ್ಡಿಗೆ ಬಂದಳು.

"ಕುರಿ ಈಯಾಕಾಗ್ದೆ ಒದ್ದಾಡ್ತಿತ್ತು ಸಾರ್. ಮರಿ ಅಡ್ಡ ತಿರುಗಿತ್ತು. ಕೈ ಹಾಕಿ ಸರಿ ಮಾಡಿ ತೆಗ್ದೆ. ಎಲ್ಡೂ ಉಳ್ಕಂಡ್ವು."

"ಕುರಿ ಕಾಯಾಕೆ ಸ್ಕೂಲು ಯಾಕಮ್ಮ?" ಎಂದೆ. ಕ್ಲಾಸು ನಕ್ಕಿತು. ನಾನೂ ನಕ್ಕೆ. ಈಗ ಹೇಳಿಕೊಳ್ಳಲು ನಾಚಿಕೆ.

ಹತ್ತನೇದರಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ಅವಳಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮುಂದ್ಕೆ ಏನು ಓದಿಸಾಣ, ನೀವೇ ಹೇಳ್ರಿ ಮೇಷ್ಟ್ರೇ" ಅಂದರು. ನಾನು ಪೇಪರಿನಿಂದ ತಲೆ ಎತ್ತದೆ, "ಇಷ್ಟು ಮಾರ್ಕ್ಸಿಗೆ ಸೈನ್ಸೇ ಸರಿ" ಎಂದುಬಿಟ್ಟೆ. ಅರ್ಧ ನಿಮಿಷ ಹಿಡಿದಿರಬಹುದು. ಅವಳನ್ನೇ ಒಂದು ಮಾತು ಕೇಳಲಿಲ್ಲ. ಹಿರಿಯೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಅವಳಿಗೆ ಒಗ್ಗಲಿಲ್ಲ. ಎರಡು ಸಲ ಫೇಲಾಗಿ ಮನೆ ಸೇರಿದಳು.

ಎಷ್ಟೋ ವರ್ಷಗಳ ಮೇಲೆ ಜವನಗೊಂಡನಹಳ್ಳಿಯ ಪಶು ಆಸ್ಪತ್ರೆಗೆ ನಮ್ಮ ಕರುವನ್ನು ಕರೆದೊಯ್ದಾಗ ಅಲ್ಲಿದ್ದಳು. ಮನೆಮನೆಗೆ ಹೋಗಿ ಕುರಿಮೇಕೆಗಳ ಆರೋಗ್ಯ ವಿಚಾರಿಸುವ ಪಶುಸಖಿಯಾಗಿದ್ದಳು.

"ಸಾರ್, ಹತ್ತನೇದು ಆದ ಮ್ಯಾಲೆ ಪಶುಸಂಗೋಪನೆ ಡಿಪ್ಲೊಮಾ ಓದಬೋದಿತ್ತಂತೆ. ಇಲ್ಲಿನ ಡಾಕ್ಟ್ರು ಹೇಳಿದ್ರು. ಈಗ ನನಗೆ ವಯಸ್ಸು ಮೀರೈತೆ. ಆಗ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿರಲಿಲ್ಲಮ್ಮ."

"ಯಾರನ್ನಾದ್ರೂ ಕೇಳಬೋದಿತ್ತಲ್ವಾ ಸಾರ್?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೇ ವಾಸಿಯಿತ್ತು, ನಾನೂ ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದೆ.

ಆಮೇಲಿನ ಶನಿವಾರಗಳಲ್ಲಿ ಕೊನೆಯ ಪಿರಿಯಡ್ಡಿಗೆ ಗಣಿತವಿಲ್ಲ. ಎಂಟನೇ ತರಗತಿಯಿಂದಲೇ ಒಬ್ಬೊಬ್ಬರನ್ನು ಕೂರಿಸಿಕೊಂಡು, ಏನು ಮಾಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಕೇಳುತ್ತೇನೆ. ಆ ದಾರಿ ನನಗೆ ತಿಳಿಯದಿದ್ದರೆ, ತಿಳಿದವರ ಬಾಗಿಲು ತಟ್ಟುತ್ತೇನೆ. ಮೊದಲ ಶನಿವಾರ ಮಕ್ಕಳೊಂದಿಗೆ ಮಾತಾಡಲು ಬಂದವಳು ಕರಿಯಮ್ಮನೇ. "ನಿಮ್ಮಾಸೆ ಏನಂತ ಜೋರಾಗಿ ಹೇಳ್ರಿ, ಮೇಷ್ಟ್ರಿಗೆ ಸ್ವಲ್ಪ ಕಿವಿ ಮಂದ" ಅಂದಳು. ಈ ಸಲದ ನಗು ನನ್ನ ಪಾಲಿಗೆ ಬಂತು.

ಮೊನ್ನೆಯ ಪ್ರಯಾಣವೂ ಅದಕ್ಕೇ. ಎಂಟನೇ ತರಗತಿಯ ರೇಣುಕಾ, ತನ್ನ ಅಪ್ಪನ ಜೊತೆ ಕೂತು ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವವಳು. ಈ ಕೆಲಸವನ್ನು ಎಲ್ಲಿ ಕಲಿಸುತ್ತಾರೆ ಎಂದು ಕೇಳಿದ್ದಳು. ಚಿತ್ರದುರ್ಗದ ಐಟಿಐ ಒಂದರಲ್ಲಿ ವಿಚಾರಿಸಿದೆ. ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇನ್ನೂ ಎಂಟನೇ ಕ್ಲಾಸಾ? ಹತ್ತನೇದು ಮುಗೀಲಿ, ಬರ್ರಿ ಸರ್. ಈಗ್ಲೇ ಏನು ಅವಸರ?"

"ಒಂದು ಸಲ ತಡ ಮಾಡಿದೀನಿ ಸರ್" ಎಂದು ಕುರ್ಚಿ ಎಳೆದುಕೊಂಡು ಕೂತೆ. "ಎಲ್ಲಾ ಹೇಳ್ರಿ, ಬರ್ಕೊಳ್ತೀನಿ."