ಶೇಷಮ್ಮನ ಗಂಧರ್ವರು

ಹಲಸೂರಿನ ಸೋಮೇಶ್ವರನ ಗುಡಿಯ ಹಿಂದಿನ ಗಲ್ಲಿಯಲ್ಲಿ ಶೇಷಮ್ಮನ ಮನೆಯಿತ್ತು. ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ತೊಂಬತ್ತೈದರಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಖಾಕಿ ಸೀರೆ ಉಟ್ಟು, ಬೆಲ್ಟು ಬಿಗಿದು ಬೀದಿಗಿಳಿದಳೆಂದರೆ ನಲ್ಲಿಯ ಹತ್ತಿರದ ಜಗಳ ತಾನಾಗಿ ತಣ್ಣಗಾಗುತ್ತಿತ್ತು. ಅಂಥವಳು ಕಾದಂಬರಿ ಬರೆದಿದ್ದಾಳೆ ಅಂತ ಸುದ್ದಿ ಬಂದಾಗ, ಕಳ್ಳರ ಕಥೆಯೋ ಕೊಲೆಯ ಕಥೆಯೋ ಇರಬೇಕು ಅಂದುಕೊಂಡರು ಎಲ್ಲರೂ. ತೆರೆದು ಓದಿದರೆ ಗಂಧರ್ವರ ಪ್ರೇಮದ ಕಥೆ!

ಆ ಕಾಲವೇ ಬೇರೆ. ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿ ನಾಲ್ಕು ಬೀದಿಗೊಂದು ಇತ್ತು. ಹಲಸೂರಿನಲ್ಲಿ ಅಂಜನಮೂರ್ತಿಯವರದು. ಮಧ್ಯಾಹ್ನದ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಹೆಂಗಸರು ಬರುತ್ತಿದ್ದರು. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುತ್ತಿದ್ದರು. ಕಂದು ಕಾಗದದ ಹೊದಿಕೆ, ಹಾಳೆಯ ಮೇಲೆ ಯಾರದೋ ಮನೆಯ ಸಾರಿನ ಕಲೆ, ನಡುವೆ ಗುರುತಿಗೆ ಸಿಕ್ಕಿಸಿ ಮರೆತ ಬಸ್ ಟಿಕೆಟ್ಟು. ಪುಸ್ತಕ ತೆರೆದರೆ ಹತ್ತು ಮನೆಯ ವಾಸನೆ ಬರುತ್ತಿತ್ತು. "ಶೇಷಮ್ಮಂದು ಹೊಸದು ಬಂತಾ?" ಅಂತ ಕೇಳಿಕೊಂಡು ಕಾಕ್ಸ್ ಟೌನಿನಿಂದಲೂ ಜನ ಬರುತ್ತಿದ್ದರು.

ಗಂಧರ್ವರು ಅವಳಿಗೆ ಎಲ್ಲಿಂದ ಸಿಕ್ಕರು ಅನ್ನುವುದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಹೆಣ್ಣಿನ ಶವ ಎಲ್ಲೇ ಸಿಗಲಿ, ಜೊತೆಯಲ್ಲಿ ಒಬ್ಬ ಹೆಂಗಸು ಪೊಲೀಸು ಇರಬೇಕು. ಅವಳ ಕಾಲದಲ್ಲಿ ಇದ್ದವರೇ ಬೆರಳೆಣಿಕೆಯಷ್ಟು ಮಂದಿ. ಶಿವಾಜಿನಗರದಿಂದ ಫೋನು, ಕೆ.ಆರ್. ಪುರದಿಂದ ಫೋನು: "ಶೇಷಮ್ಮನ್ನ ಕಳಿಸಿ ಸಾರ್." ಅವಳು ಹೋಗಿ ಚಹರೆ ನೋಡಿ ಬರೆಸುತ್ತಿದ್ದಳು. ಎತ್ತರ, ಮೈಬಣ್ಣ, ಮಚ್ಚೆ, ಹಚ್ಚೆ, ಉಟ್ಟ ಸೀರೆಯ ಅಂಚು. ಆಮೇಲೆ ವಾರಸುದಾರರು ಬರುವ ತನಕ ಶವಾಗಾರದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾಯುವುದು. ಕೆಲವರಿಗೆ ಯಾರೂ ಬರುತ್ತಿರಲಿಲ್ಲ. ಹೆಸರಿಲ್ಲದೆ, ಒಂದು ನಂಬರು ಹೊತ್ತುಕೊಂಡು ಮಣ್ಣಿಗೆ ಹೋಗುತ್ತಿದ್ದರು.

ಆ ಸ್ಟೂಲಿನ ಮೇಲೆ ಕೂತೇ ಅವಳಿಗೆ ಕಥೆ ಕಟ್ಟುವ ಚಾಳಿ ಹತ್ತಿದ್ದು. ಇಷ್ಟು ವಯಸ್ಸಿನ ಹುಡುಗಿಗೆ ಒಬ್ಬರೂ ಬರಲಿಲ್ಲ ಅಂದರೆ ಏನು? ಮನುಷ್ಯರು ಬರದಿದ್ದರೆ ಬೇಡ, ಬೇರೆ ಯಾರಾದರೂ ಬರಲಿ. ಹಾಗೆ ಬಂದವರು ಅವಳ ಗಂಧರ್ವರು. ಅವಳ ಕಾದಂಬರಿಯಲ್ಲಿ ನಾಯಕಿ ಮೊದಲನೇ ಅಧ್ಯಾಯದಲ್ಲೇ ಸಾಯುತ್ತಾಳೆ. ಪ್ರೀತಿ ಶುರುವಾಗುವುದು ಎರಡನೆಯದರಿಂದ.

ಮೊದಲನೇ ಕಾದಂಬರಿಯನ್ನು ಅವಳು ಒಯ್ದದ್ದು ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ಪ್ರೆಸ್ಸು ಇಟ್ಟಿದ್ದ ಅಸ್ಗರ್ ಸಾಹೇಬರ ಹತ್ತಿರ. ಮದುವೆ ಕಾರ್ಡಿನ ಜೊತೆಗೆ ಕನ್ನಡದ ಸಣ್ಣ ಕಾದಂಬರಿಗಳನ್ನೂ ಅವರು ಅಚ್ಚು ಹಾಕುತ್ತಿದ್ದರು. ಕನ್ನಡಕ ಏರಿಸಿ ಒಂದು ಪುಟ ಜೋರಾಗಿ ಓದಿದರು:

"ಸದರಿ ಗಂಧರ್ವನು ಸುಮಾರು ಮೂವತ್ತು ವರ್ಷ ವಯಸ್ಸಿನವನಿದ್ದು, ಎತ್ತರ ಐದು ಅಡಿ ಎಂಟು ಅಂಗುಲ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ. ಕನ್ನಡ, ತಮಿಳು ಮತ್ತು ಸಂಸ್ಕೃತ ಮಾತನಾಡುತ್ತಾನೆ..." ಓದಿ ಕನ್ನಡಕ ತೆಗೆದರು. "ಅರೆ ಮೇಡಂ, ಇದು ಲವ್ ಸ್ಟೋರಿನಾ, ಮಹಜರಾ? ಇವನು ಅವಳನ್ನ ಪ್ರೀತಿ ಮಾಡೋಕ್ಕೆ ಬಂದಿದಾನೋ, ಅರೆಸ್ಟ್ ಆಗೋಕ್ಕೆ ಬಂದಿದಾನೋ?"

"ನೋಡಿದ್ದು ನೋಡ್ದಂಗೆ ಬರ್ದಿದೀನಿ ಸಾಹೇಬ್ರೇ."

"ಗಂಧರ್ವನ್ನ ನೋಡಿದೀರಾ?"

"ಇಪ್ಪತ್ತೆಂಟು ವರ್ಷ ಪೊಲೀಸು ನಾನು. ಯಾರ‍್ಯಾರನ್ನ ನೋಡಿಲ್ಲ!"

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಸದರಿ" ಒಂದನ್ನು ತೆಗೆಸಿ ಮಿಕ್ಕಿದ್ದನ್ನು ಹಾಗೆಯೇ ಅಚ್ಚು ಹಾಕಿದರು. ಹೆಂಗಸರು ಮುಗಿಬಿದ್ದು ಓದಿದರು. ಬೇರೆಯವರ ಕಥೆಯಲ್ಲಿ ಗಂಧರ್ವ ಅಂದರೆ ಬರೀ ಬೆಳಕು. ಶೇಷಮ್ಮನ ಗಂಧರ್ವ ಎದುರಿಗೆ ಬಂದರೆ ಗುರುತು ಹಿಡಿಯಬಹುದಿತ್ತು.

ಆರನೇ ಕಾದಂಬರಿ ಎರಡು ಸಾವಿರದ ಒಂದರಲ್ಲಿ ಬಂತು. ಅದರ ನಾಯಕಿ ಚಂದ್ರಲೇಖೆಯ ಎಡಗೈಯಲ್ಲಿ ಚೇಳಿನ ಹಚ್ಚೆ. ಚೇಳಿಗೆ ಒಂದು ಕಡೆ ನಾಲ್ಕು ಕಾಲು, ಇನ್ನೊಂದು ಕಡೆ ಮೂರೇ. ಉಳಿದ ಒಂದು ಕಾಲನ್ನು ಗಂಧರ್ವ ನಕ್ಷತ್ರದ ಬೆಳಕಿನಲ್ಲಿ ಬರೆದು ಮುಗಿಸುತ್ತಾನೆ. ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು. ಹಚ್ಚೆಯನ್ನು ಬದಲಿಸಬೇಕು ಅಂತ ಮಾತ್ರ ಹೊಳೆಯಲಿಲ್ಲ. ಚಹರೆಯನ್ನು ಕಂಡ ಹಾಗೆಯೇ ಬರೆಯುವುದು ಅವಳ ಕೈಗೆ ಅಂಟಿದ ಅಭ್ಯಾಸ.

ಒಂದು ಭಾನುವಾರ ಬೆಳಿಗ್ಗೆ ಇಬ್ಬರು ಹೆಂಗಸರು ಬಾಗಿಲಿಗೆ ಬಂದರು. ದೊಡ್ಡವಳು ಬಾಲಮ್ಮ, ರಾಯಚೂರಿನ ಕಡೆಯವಳು, ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿದ್ದು ಕಟ್ಟಡದ ಕೆಲಸ ಮಾಡುವವಳು. ಜೊತೆಗೆ ಮಗಳು ಉಮಾಶ್ರೀ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ. ಪುಸ್ತಕದ ಕೊನೆಯಲ್ಲಿದ್ದ ಪ್ರೆಸ್ಸಿನ ವಿಳಾಸ ಹಿಡಿದು ಹೋಗಿ, ಸಾಹೇಬರಿಂದ ಮನೆ ಕೇಳಿಕೊಂಡು ಬಂದಿದ್ದರು.

ಬಾಲಮ್ಮ ನೀರು ಸಹ ಕುಡಿಯಲಿಲ್ಲ. "ನನಗ ಓದಾಕ ಬರಂಗಿಲ್ರಿ ಅಮ್ಮಾರ. ಈಕಿ ಓದಿ ಹೇಳಿದ್ಲು. ನಮ್ ತಂಗಿ ಅಯ್ಯಮ್ಮ ಎಲ್ಲಿ ಅದಾಳ್ರಿ?"

ಶೇಷಮ್ಮ ನೀರಿನ ಲೋಟವನ್ನು ಅವಳತ್ತ ಸರಿಸಿದಳು. "ಅದು ಕಥೆ ಕಣಮ್ಮ. ಕಟ್ಟಿ ಬರ್ದಿದ್ದು."

"ಕಥಿ ನನಗೂ ತಿಳೀತದ್ರಿ. ಸಾಯೂದು ಕಥಿ, ಗಾಳ್ಯಾಗ ಹಾರೂದು ಕಥಿ, ನಕ್ಷತ್ರ ಕಥಿ. ಒಂದು ಕಾಲು ಕಮ್ಮಿ ಇದ್ದ ಚೇಳು ಕಥಿ ಅಲ್ರಿ. ಹಚ್ಚಿ ಹಾಕೋ ಮುಂದ ಅಕಿ ಕೈ ಹಿಡಿದಾಕಿ ನಾನು. ಉರೀತದ ಅಂತ ಚೀರಿ, ಕೈ ಕಸಗೊಂಡು ಓಡಿದ್ಲು. ಒಂದು ಕಾಲು ಹಂಗ ಉಳೀತು. ಗಂಡನ ಮನಿ ಬಿಟ್ಟು ಎಲ್ಲಿ ಹೋದ್ಲೋ, ಹನ್ನೆರಡು ವರ್ಷ ಆತ್ರಿ."

ಎಂಥೆಂಥವರ ಮನೆಗೋ ಸಾವಿನ ಸುದ್ದಿ ಮುಟ್ಟಿಸಿದ್ದ ಶೇಷಮ್ಮ ಅವತ್ತು ನಿಜ ಹೇಳಲಾರದೆ ಹೋದಳು. ಮೈಮೇಲೆ ಖಾಕಿ ಇದ್ದಿದ್ದರೆ ಹೇಳಿಬಿಡುತ್ತಿದ್ದಳೋ ಏನೋ. ಅವಳ ಮುಂದೆ ಬಾಲಮ್ಮನ ಕಣ್ಣು ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು. "ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ಒಂದ್ಸಲ ಯಾರೋ ಹುಡುಗಿ ಕೈಮೇಲೆ ನೋಡಿದ್ದೆ. ಯಾವ ಕಾಲದ್ದೋ. ಅಷ್ಟೇ ಕಣಮ್ಮ," ಅಂದುಬಿಟ್ಟಳು.

"ಬಸ್ ಸ್ಟ್ಯಾಂಡಿನ್ಯಾಗ! ಹಂಗಾರ ಇದೇ ಊರಾಗ ಅದಾಳ," ಅಂದಳು ಬಾಲಮ್ಮ. ಹೊರಡುವಾಗ ಶೇಷಮ್ಮನ ಕಾಲು ಮುಟ್ಟಿ ಹೋದಳು.

ಒಂದೂವರೆ ತಿಂಗಳ ಮೇಲೆ ಅಸ್ಗರ್ ಸಾಹೇಬರೇ ಮನೆಗೆ ಬಂದರು. "ಮೇಡಂ, ಆ ಅಮ್ಮನಿಗೆ ಏನು ಹೇಳಿ ಕಳಿಸಿದ್ರಿ? ಪ್ರತಿ ಭಾನುವಾರ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತಾಳೆ. ಇಳಿಯೋ ಹೆಂಗಸರದೆಲ್ಲ ಎಡಗೈ ನೋಡ್ತಾಳೆ. ನಿನ್ನೆ ಒಬ್ಬಳು ಕಳ್ಳಿ ಅಂತ ಕೂಗಿ ಜನ ಸೇರಿಸಿದ್ಲು. ನಾನು ಹೋಗಿ ಬಿಡಿಸ್ಕೊಂಡು ಬಂದೆ."

ಮುಂದಿನ ಭಾನುವಾರ ಶೇಷಮ್ಮ ಹೋದಳು. ಬಸ್ಸುಗಳ ಹೊಗೆಯ ನಡುವೆ, ಕಂಬಕ್ಕೆ ಒರಗಿ ಬಾಲಮ್ಮ ನಿಂತಿದ್ದಳು. ಒಂದು ಬಸ್ಸು ಬಂದು ನಿಂತರೆ ಮುಂದಿನ ಬಾಗಿಲಿಗೆ ಓಡುತ್ತಿದ್ದಳು. ಹೆಂಗಸರು ಕಂಬಿ ಹಿಡಿದು ಇಳಿಯುವಾಗ ತೋಳು ಕಾಣುತ್ತದಲ್ಲ, ಅದನ್ನು ನೋಡುತ್ತಿದ್ದಳು. ಮತ್ತೆ ಬಂದು ಕಂಬಕ್ಕೆ ಒರಗುತ್ತಿದ್ದಳು. ನಾಲ್ಕು ಬಸ್ಸು ಹೀಗೆ ಬಂದುಹೋಗುವ ತನಕ ಶೇಷಮ್ಮ ದೂರದಲ್ಲೇ ನಿಂತಳು. ಐದನೆಯದು ಬಂದಾಗ ಹೋಗಿ ತೋಳು ಹಿಡಿದಳು.

"ಬಾಲಮ್ಮ, ಇನ್ನು ಕೈ ನೋಡ್ಬೇಡ."

"ಸಿಕ್ಕಳೇನ್ರಿ?"

ಹೂವಿನ ಅಂಗಡಿಗಳ ಪಕ್ಕದ ಜಗಲಿಯ ಮೇಲೆ ಕೂರಿಸಿ ಶೇಷಮ್ಮ ಹೇಳಿದಳು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗೆ, ಒಂದಾದ ಮೇಲೆ ಒಂದು. ಬೇರೆ ಥರ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಎಂಬತ್ತೊಂಬತ್ತನೇ ಇಸವಿ, ಶ್ರಾವಣ. ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿನ ಬೆಂಚು. ಹಸಿರು ಸೀರೆ, ಕೆಂಪು ಅಂಚು. ಮಡಿಲಲ್ಲಿ ಬುತ್ತಿಯ ಗಂಟು. ಜ್ವರದಿಂದ ಹೋಗಿದ್ದಾಳೆ, ಮೈಮೇಲೆ ಒಂದು ಗಾಯವಿಲ್ಲ ಅಂತ ಡಾಕ್ಟರು ಬರೆದರು. ಮೂರು ದಿನ ಕಾದರೂ ಯಾರೂ ಬರಲಿಲ್ಲ.

ಬಾಲಮ್ಮ ಅಳಲಿಲ್ಲ. "ಪಂಚಮಿ ಮುಂದೋ, ಆದ ಮ್ಯಾಲೋ?"

"ಆದ್ಮೇಲೆ. ಐದಾರು ದಿನ ಆಗಿತ್ತು."

"ನಮ್ಮ ಕಡೆ ಪಂಚಮಿಗಿ ಹೆಣ್ಮಕ್ಕಳನ್ನ ತವರಿಗೆ ಕರೀಬೇಕ್ರಿ. ಅವ್ವ ಸತ್ತಿದ್ಲು, ಕರಿಯಾಕಿ ನಾನು. ಬರ್ತೀನಿ, ತಯಾರಾಗಿರು ಅಂತ ಹೇಳಿ ಕಳಿಸಿದ್ದೆ. ಇಲ್ಲಿ ಮೇಸ್ತ್ರಿ ಬಿಡಲಿಲ್ಲ. ದಾರಿ ನೋಡಿ ನೋಡಿ, ನನ್ನ ಹುಡಿಕ್ಕೊಂಡು ತಾನ ಈ ಊರಿಗೆ ಹೊಂಟು ಬಂದಾಳ."

"ನೀನು ಹೋಗಿದ್ರೂ ಜ್ವರ ಬರೋದು ಬರ್ತಿತ್ತಮ್ಮ."

"ಬರಲಿ. ಮನ್ಯಾಗ ಬರ್ತಿತ್ತು."

ಶೇಷಮ್ಮ ಪಕ್ಕದ ಅಂಗಡಿಯ ಹೂವಿನ ಬುಟ್ಟಿಯ ಕಡೆ ನೋಡಿದಳು.

"ಅಕಿ ಕೂಡ ಯಾರಿದ್ರು?"

"ನಾನಿದ್ದೆ. ತಲೆ ಬಾಚಿದೆ. ಇಲ್ಲಿಂದಲೇ ಮಲ್ಲಿಗೆ ತಗೊಂಡ್ಹೋಗಿ ಮುಡಿಸಿದೆ. ಮಣ್ಣು ಮಾಡೋವರೆಗೂ ಇದ್ದೆ."

"ಮತ್ತ ಅವತ್ತು ಮನೀಗೆ ಬಂದಾಗ ಯಾಕ ಹೇಳ್ಲಿಲ್ಲ?"

"ಹೆದರಿದೆ."

"ಪೊಲೀಸಾಗಿ?" ಅಂದು ಬಾಲಮ್ಮ ಎದ್ದು ಹೋದಳು. ತಿರುಗಿ ನೋಡಲಿಲ್ಲ.

ಶೇಷಮ್ಮ ಬರೆಯುವುದನ್ನು ನಿಲ್ಲಿಸಿದಳು. ಅಂಜನಮೂರ್ತಿಯವರ ಅಂಗಡಿಯಲ್ಲಿ ಹೆಂಗಸರು ಕೇಳಿ ಕೇಳಿ ಸಾಕಾದರು. ಸತ್ತವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡು ಬದುಕಿದವರ ಹೊಟ್ಟೆಗೆ ಬೆಂಕಿ ಇಟ್ಟೆ ಅನ್ನಿಸಿ, ಪೆನ್ನು ಕಂಡರೆ ಕೈ ಹಿಂದೆಗೆಯುತ್ತಿತ್ತು. ಕೆ.ಆರ್. ಪುರದ ತೂಗುಸೇತುವೆ ಕಟ್ಟುತ್ತಿದ್ದ ಕಾಲ. ಬಾಲಮ್ಮನಿಗೆ ಆ ಕಡೆ ಎಲ್ಲೋ ಕೆಲಸ ಅಂತ ಕೇಳಿ, ಎರಡು ಸಲ ಬಸ್ಸು ಹತ್ತಿ ಹೋಗಿ, ಮುಖ ತೋರಿಸಲಾರದೆ ಹಾಗೆಯೇ ವಾಪಸ್ಸು ಬಂದಳು.

ಮರುವರ್ಷ ಆಷಾಢದ ಕೊನೆಗೆ ಬಾಲಮ್ಮ ತಾನೇ ಬಂದಳು, ಮಗಳನ್ನು ಕರೆದುಕೊಂಡು. ಈ ಸಲ ನೀರು ಕೇಳಿ ಕುಡಿದಳು.

"ಆ ಗಂಧರ್ವ ಎಂಥಾಂವ್ರಿ?"

ಶೇಷಮ್ಮನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ, "ಒಳ್ಳೇವ್ನೇ," ಅಂದಳು. "ಕುಡಿಯಲ್ಲ. ಕೈ ಎತ್ತಲ್ಲ."

"ಅತ್ತಿ ಅದಾಳೇನು?"

"ಗಂಧರ್ವರಿಗೆ ಅತ್ತೆ ಇಲ್ಲ."

"ಬೇಷಾತು." ಬಾಲಮ್ಮ ಲೋಟ ಕೆಳಗಿಟ್ಟಳು. "ಅಕಿ ಅಲ್ಲೇ ಇರಲಿ. ಆದರ ಪಂಚಮಿಗಿ ಒಮ್ಮೆ ತವರಿಗೆ ಕಳಸ್ರಿ ಅಮ್ಮಾರ. ಕರಿಯಾಕ ನಾನ ಬಂದೆ ಅಂತ ಬರೀರಿ."

ಅವತ್ತು ಸಂಜೆಯೇ ಶೇಷಮ್ಮ ನೋಟ್‌ಬುಕ್ಕು ತೆಗೆದಳು. ಸುದ್ದಿ ಕೇಳಿ ಅಸ್ಗರ್ ಸಾಹೇಬರು ತಲೆ ಚಚ್ಚಿಕೊಂಡರು. "ಗಂಧರ್ವರ ಲವ್ ಸ್ಟೋರೀಲಿ ತವರುಮನೆ ಎಲ್ಲಿಂದ ಬಂತು ಮೇಡಂ? ಯಾರು ಓದ್ತಾರೆ?"

"ಒಬ್ಬಳು ಕೇಳ್ತಾಳೆ. ಸಾಕು, ಅಚ್ಚು ಹಾಕಿ."

ಅಚ್ಚಿಗೆ ಕೊಡುವ ಮೊದಲು ಅವಳು ಅದನ್ನು ರಾಮಮೂರ್ತಿ ನಗರಕ್ಕೆ ಒಯ್ದಳು. ಒಂದೇ ಕೋಣೆ, ತಗಡಿನ ಮಾಡು, ಮೂಲೆಯಲ್ಲಿ ಸ್ಟವ್. ಉಮಾಶ್ರೀ ಗೋಡೆಗೆ ಒರಗಿ ಓದಿದಳು. ಬಾಲಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಅಕ್ಕ ಕರೆಯಲು ಬಂದದ್ದು, ಚಂದ್ರಲೇಖೆ ಬಾಗಿಲಿಗೆ ಓಡಿ ಬಂದದ್ದು ಓದುವಾಗ ಅವಳ ಕೈ ಮೊರದಲ್ಲಿ ನಿಂತುಹೋಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಹೋಳಿಗಿ ಅಲ್ರಿ, ಪಂಚಮಿಗಿ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ. ಬರಕೋರಿ."

ಶೇಷಮ್ಮ ಹೊಡೆದು ಹಾಕಿ ಬರೆದುಕೊಂಡಳು.

"ಜೋಕಾಲಿ ಮಾವಿನ ಗಿಡಕ್ಕಲ್ಲ, ಬೇವಿನ ಗಿಡಕ್ಕ ಕಟ್ಟತೀವಿ. ಮತ್ತ ಅಕಿ ಜೋಕಾಲಿ ಮ್ಯಾಲೆ ಕುಂತು ಆಡಾಕಿ ಅಲ್ಲ, ನಿಂತು ಜೀಕಾಕಿ."

"ನಿಂತ್ಕೊಂಡಾ? ಹೆದರಿಕೆ ಇರ್ಲಿಲ್ವಾ?"

"ಅಕಿಗಾ!" ಬಾಲಮ್ಮ ನಕ್ಕಳು. ಅವಳ ನಗು ಶೇಷಮ್ಮ ಕಂಡದ್ದು ಅದೇ ಮೊದಲು. ಆ ನಗುವಿನ ಬೆನ್ನಿಗೇ ಅಳು ಬಂತು. ಮೊರ ಪಕ್ಕಕ್ಕಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ತಡೆದಿಟ್ಟಿದ್ದನ್ನೆಲ್ಲ ಅತ್ತಳು. ಉಮಾಶ್ರೀ ಓದುವುದು ನಿಲ್ಲಿಸಿದಳು. ಶೇಷಮ್ಮ ಬೆನ್ನು ಸವರುತ್ತ ಕೂತಳು.

ಬಹಳ ಹೊತ್ತಿನ ಮೇಲೆ ಬಾಲಮ್ಮ ಮುಖ ಒರೆಸಿಕೊಂಡು, "ಓದವಾ, ಮುಂದ ಏನಾತು?" ಅಂದಳು.

ಉಮಾಶ್ರೀ ಓದಿದಳು. ಹಬ್ಬ ಮುಗಿಯಿತು. ಐದನೇ ದಿನ ಬೆಳಿಗ್ಗೆ ಗಂಧರ್ವ ಚಂದ್ರಲೇಖೆಯನ್ನು ಕರೆದುಕೊಂಡು ಹೋಗಲು ಬಂದು ಅಂಗಳದಲ್ಲಿ ನಿಂತ.

"ಏನವಸರ ಅಂವಂಗ?" ಅಂದಳು ಬಾಲಮ್ಮ. "ಬಂದು ಐದು ದಿನ ಆಗಿಲ್ಲ. ಊಟಕ್ಕ ಹಾಕಿ, ಎಂಟು ದಿನ ಬಿಟ್ಟು ಬಾ ಅಂತ ಹೇಳಿ ಕಳಸ್ರಿ."

ಶೇಷಮ್ಮ ಉಮಾಶ್ರೀಯ ಕೈಯಿಂದ ನೋಟ್‌ಬುಕ್ಕು ಇಸಿದುಕೊಂಡು, ತೊಡೆಯ ಮೇಲಿಟ್ಟುಕೊಂಡು, ಗಂಧರ್ವನಿಗೆ ಊಟಕ್ಕೆ ಬಡಿಸಿ ವಾಪಸ್ಸು ಕಳಿಸಿದಳು.