ಕೇಳದೆ ಉಳಿಸಿಕೊಂಡ ಹಾಡು

"ತಾಯಿ ಪಾರ್ಟು ಹೆಂಗಸರ ಕೈಲಿ ಆಗೋದಲ್ಲ, ಬುಡು" ಎಂದವರು ನಮ್ಮ ದೊಡ್ಡಪ್ಪ. ಗುಬ್ಬಿಯಲ್ಲಿ ನಮ್ಮ ಮನೆಯ ಬಾಗಿಲಲ್ಲೇ ನಿಂತು, ನನ್ನ ಅವ್ವನಿಗೆ ಕೇಳುವ ಹಾಗೆಯೇ ಅಂದರು. ಅವರು ಅನ್ನುವುದಕ್ಕೆ ಕಾರಣವಿತ್ತು. ಪ್ರಾಯದಲ್ಲಿ ಸೀರೆ ಉಟ್ಟು ಅದೇ ಪಾರ್ಟನ್ನು ಮೂವತ್ತು ಸಲ ಮಾಡಿದವರು ಅವರು. ಮಗನನ್ನು ಯುದ್ಧಕ್ಕೆ ಕಳಿಸಿದ ರಾಜಮಾತೆಯೊಬ್ಬಳ ನಾಟಕ ಅದು. ಬರೆದದ್ದು ಈಗಿನ ಹಾರ್ಮೋನಿಯಂ ಮೇಷ್ಟ್ರ ತಂದೆ. ಮಾತಿಗಿಂತ ಹಾಡೇ ಹೆಚ್ಚು. ಈಗ ಗುಬ್ಬಿಯ ಹದಿನಾಲ್ಕು ಜನ ಹೆಂಗಸರು, ರಾಜನಿಂದ ಹಿಡಿದು ಬಾಗಿಲು ಕಾಯುವ ಭಟನವರೆಗೆ ಎಲ್ಲ ವೇಷವನ್ನೂ ತಾವೇ ಹಂಚಿಕೊಂಡು, ಅದನ್ನು ತುಮಕೂರಿನಲ್ಲಿ ಆಡಲು ಹೊರಟಿದ್ದರು. ರಾಜಮಾತೆಯ ಪಾರ್ಟು ಅವ್ವನ ಪಾಲಿಗೆ ಬಂದಿತ್ತು.

ಅವ್ವನಿಗೆ ಐವತ್ತೆಂಟು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಓದು ಬರಹ ಬಾರದು. ಅವಳ ಪಾಲಿನ ಒಂಬತ್ತು ಹಾಡುಗಳನ್ನು ಮೇಷ್ಟ್ರು ಬಾಯಲ್ಲಿ ಹೇಳಿಕೊಟ್ಟಿದ್ದರು. ಅವ್ವ ಅವನ್ನು ಅಡುಗೆ ಕೆಲಸಕ್ಕೆ ಕಟ್ಟಿ ಜ್ಞಾಪಕ ಇಟ್ಟುಕೊಂಡಿದ್ದಳು. ಅಕ್ಕಿ ತೊಳೆಯುವಾಗ ಮೊದಲನೆಯದು, ಬೇಳೆ ಬೇಯುವಾಗ ಎರಡನೆಯದು, ಹೀಗೆ ಪಾತ್ರೆ ಬೋರಲು ಹಾಕುವ ಹೊತ್ತಿಗೆ ಒಂಬತ್ತನೆಯದು.

ನಾನು ಕುಣಿಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಮೂರು ವರ್ಷ ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ನಿಂತುಕೊಂಡೇ ಹೋಗಿ ಓದಿದ್ದೇನೆ. ಅರ್ಥಶಾಸ್ತ್ರದಲ್ಲಿ ಒಮ್ಮೆ ಫೇಲಾಗಿ, ಬೇಸಿಗೆಯಿಡೀ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಾ ಓದಿಕೊಂಡು ಮತ್ತೆ ಕಟ್ಟಿ ಪಾಸು ಮಾಡಿದ್ದೇನೆ. ಯಾವುದಕ್ಕೂ ತಯಾರಿಯಿಲ್ಲದೆ ಹೋಗಬಾರದು ಎಂಬುದು ನಾನು ಅಲ್ಲಿ ಕಲಿತ ಪಾಠ. ಅವ್ವನ ನಾಟಕ ನೋಡಲು ಹೊರಟ ಪ್ರಯಾಣದಲ್ಲಿ ನನ್ನನ್ನು ಕಾಡಿದ್ದೂ ಅದೇ.

ಅವ್ವ ಅಭ್ಯಾಸ ಮಾಡುವಾಗ ದೊಡ್ಡಪ್ಪ ದಿನಾ ಹೋಗಿ ಕೂರುತ್ತಿದ್ದರು. ಆಗದು ಎಂದವರೇ ಮೊದಲು ಹೋಗಿ ಮುಂದಿನ ಕುರ್ಚಿ ಹಿಡಿಯುತ್ತಿದ್ದರಂತೆ. ಅವ್ವನ ಹಾಡುಗಳನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ನನ್ನ ವಾಟ್ಸಾಪಿಗೆ ಕಳಿಸಿದ್ದರು. ಜೊತೆಗೆ ಒಂದು ಮಾತು: "ಲೇ ಸುಧಾ, ಹಾಡು ತಿಳ್ಕಂಡು ಬಾ. ತಿಳಿದೋರು ಕೂತಿದ್ರೇನೇ ಒನ್ಸ್‌ಮೋರ್ ಬೀಳೋದು. ಯಾರೂ ಕೂಗ್ನಿಲ್ಲ ಅಂದ್ರೆ ನಿಮ್ಮವ್ವ ಊರಲ್ಲಿ ತಲೆ ಎತ್ಕಂಡು ತಿರುಗೋದು ಹೆಂಗೆ?"

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಹಾಡು ಮೆಚ್ಚಿಗೆಯಾದರೆ ಜನ 'ಒನ್ಸ್‌ಮೋರ್' ಎಂದು ಕೂಗುತ್ತಾರೆ, ಪಾತ್ರಧಾರಿ ಮತ್ತೆ ಹಾಡಬೇಕು. ಯಾರಿಗೆ ಎಷ್ಟು ಬಿತ್ತು ಎಂಬುದು ಆಮೇಲೆ ತಿಂಗಳುಗಟ್ಟಲೆ ಹೋಟೆಲಿನಲ್ಲಿ, ನಲ್ಲಿಯ ಹತ್ತಿರ ಮಾತಾಗುತ್ತದೆ. ಒಂದೂ ಬೀಳದವರ ಮಾತು ಇನ್ನೂ ಹೆಚ್ಚು ದಿನ ಓಡಾಡುತ್ತದೆ.

ಅವ್ವ ಮಾತ್ರ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಅದ್ನ ಕೇಳ್ಬೇಡ ಕಣೇ. ಅಲ್ಲೇ ಬಂದು ಕೇಳು." ಯಾಕೆಂದು ಹೇಳಲಿಲ್ಲ.

ಎರಡನೇ ಶನಿವಾರ, ಕಚೇರಿಗೆ ರಜೆ. ಬೆಳಿಗ್ಗೆ ಹತ್ತೂಕಾಲಿಗೆ ಕುಣಿಗಲ್ಲಿನಲ್ಲಿ ತುಮಕೂರಿನ ಬಸ್ಸು ಹತ್ತಿದೆ. ಆಧಾರ್ ತೋರಿಸಿದೆ, ಕಂಡಕ್ಟರು ಸೊನ್ನೆ ಟಿಕೆಟ್ ಹರಿದುಕೊಟ್ಟರು. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಪಕ್ಕದಲ್ಲಿ ಕೂತ ಹೆಂಗಸು ಅವರೆಕಾಯಿ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡಿದ್ದರು. ನಾನು ಇಯರ್‌ಫೋನ್ ಕಿವಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ನೋಡಿ, "ಕೆಟ್ಟೋಗೈತಾ?" ಎಂದು ಕೇಳಿದರು.

ಇಲ್ಲವೆಂದು ಇದ್ದ ವಿಷಯ ಹೇಳಿದೆ. ನಾಳೆ ನಮ್ಮವ್ವನ ನಾಟಕ, ಹಾಡು ಮೊದಲೇ ತಿಳಿದುಕೊಂಡು ಹೋಗಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಎಂದೆ.

ಅವರು ಜಾರುತ್ತಿದ್ದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೆಸರಿಡೋ ದಿನಕ್ಕೆ ಮುಂಚೇನೇ ಮಗೀನ ಹೆಸರು ಊರಿಗೆಲ್ಲ ಹೇಳ್ಬುಟ್ರೆ ತೊಟ್ಲು ತೂಗೋಕೆ ಬಂದೋರಿಗೆ ಏನು ಖುಷಿ? ಆದ್ರೆ ನೋಡವ್ವ, ಸೋಬಾನೆ ಪದ ಗೊತ್ತಿಲ್ದಿರೋಳು ಮದ್ವೆ ಮನೇಲಿ ಬಾಯಿ ಮುಚ್ಕಂಡು ಕೂತಿರ್ಬೇಕಾಯ್ತದೆ. ಅದೂ ಕಷ್ಟಾನೇ."

"ಹಂಗಾದ್ರೆ ಏನ್ ಮಾಡ್ಲಿ?"

"ಓದಿದೋಳಂಗೆ ಕಾಣ್ತೀಯ, ನನ್ನ ಕೇಳ್ತೀಯಲ್ಲ!" ಎಂದು ನಕ್ಕು ಹೆಬ್ಬೂರಿನಲ್ಲಿ ಇಳಿದುಹೋದರು.

ಹೆಬ್ಬೂರು ದಾಟಿದ ಮೇಲೆ ತಡೆಯಲಾಗಲಿಲ್ಲ. ಅವ್ವ ಸಾಲು ತಪ್ಪಿದರೆ? ಮುಂದೆ ಕೂತ ನಾನೇ ಹೇಳಿಕೊಡಬೇಕಾಗಿ ಬಂದರೆ? ಗೂಳೂರು ಬರುವುದರೊಳಗೆ ಮೂರು ಹಾಡು ಕೇಳಿ ಮುಗಿಸಿದ್ದೆ, ಒಂದೊಂದನ್ನು ಎರಡೆರಡು ಸಲ. ಬಸ್ಸಿನ ಸದ್ದಿನಲ್ಲೂ ಅವ್ವನ ದನಿ ಸ್ಪಷ್ಟವಾಗಿತ್ತು. ಹಿಂದಿನಿಂದ ದೊಡ್ಡಪ್ಪನ ಕೆಮ್ಮೂ ಕೇಳುತ್ತಿತ್ತು. ಉಳಿದದ್ದಕ್ಕೆ ಕೈ ಹಾಕುವಷ್ಟರಲ್ಲಿ ತುಮಕೂರು ಬಂತು. ಮೂವತ್ತಾರು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿದಿತ್ತು.

ನಿಲ್ದಾಣದ ಹತ್ತಿರ ಎರಡು ತಟ್ಟೆ ಇಡ್ಲಿ ತಿಂದು ಗುಬ್ಬಿಯ ಬಸ್ಸು ಹಿಡಿದೆ. ಇಪ್ಪತ್ತು ಕಿಲೋಮೀಟರ್. ಹೆಗ್ಗೆರೆಯವರೆಗೆ ನಿಂತಿದ್ದು ಆಮೇಲೆ ಸೀಟು ಸಿಕ್ಕಿತು. ಮನೆ ಸೇರಿದಾಗ ಒಂದೂವರೆ. ಅವ್ವ ಶಾಲೆ ಮುಗಿಸಿ ಬಂದು ಹಿತ್ತಲಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

"ಅವ್ವ, ಮೂರು ಹಾಡು ಕೇಳ್ಬಿಟ್ಟೆ."

ಅವಳು ತಲೆ ಎತ್ತಲಿಲ್ಲ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಲೇ ಇದ್ದವು.

"ಕೋಪನಾ?"

"ಕೋಪ ಎಂಥದ್ದೇ. ರೇಷನ್ ಕಾರ್ಡಿಂದ ಹಿಡಿದು ನಿಮ್ಮಪ್ಪನ ಆಸ್ಪತ್ರೆ ಚೀಟಿ ತನಕ, ನನ್ನ ಕೈಗೆ ಬಂದ ಕಾಗದಾನೆಲ್ಲ ನಂಗಿಂತ ಮುಂಚೆ ನೀನೇ ಓದಿದ್ದು. ಒಳ್ಳೇದಾದ್ರೂ ನಿನ್ನ ಮುಖ ನೋಡೇ ತಿಳ್ಕಂಡೆ, ಕೆಟ್ಟದಾದ್ರೂ ನಿನ್ನ ಮುಖ ನೋಡೇ ತಿಳ್ಕಂಡೆ. ತಪ್ಪಲ್ಲ ಬುಡು, ಅದಕ್ಕೇ ತಾನೇ ಓದ್ಸಿದ್ದು. ಇದೊಂದು ನಾನು ಮೊದ್ಲು ತಿಳ್ಕಂಡು ನಿಂಗೆ ಹೇಳಾಣ ಅಂತಿದ್ದೆ."

ಅಪ್ಪ ತೀರಿಕೊಂಡಾಗ ನಾನು ಪಿಯುಸಿ. ಆ ಆಸ್ಪತ್ರೆಯ ಚೀಟಿಯನ್ನು ಓದಿ ನಾನು ಸುಮ್ಮನೆ ನಿಂತಿದ್ದು ನೆನಪಿಗೆ ಬಂತು. ಕೈ ಒರೆಸಿಕೊಂಡು ಫೋನು ತೆಗೆದು, ಉಳಿದ ಆರು ಹಾಡನ್ನೂ ಅವಳ ಎದುರೇ ಅಳಿಸಿದೆ. ಅವ್ವ ನೋಡಿದಳು, ಇನ್ನೊಂದು ಹಿಡಿ ಅವರೆಕಾಳನ್ನು ನನ್ನ ಮುಂದೆ ಸರಿಸಿದಳು. ಆ ಸಂಜೆ ಹಿತುಕಿದ ಬೇಳೆ ಸಾರು, ಮುದ್ದೆ. ಗಂಟಲು ಕೆಟ್ಟೀತೆಂದು ಅವಳು ಮಾತ್ರ ಖಾರ ಮುಟ್ಟದೆ ಬಿಸಿನೀರಿಗೆ ಕರಿಮೆಣಸಿನಪುಡಿ ಹಾಕಿಕೊಂಡು ಕುಡಿದಳು. ಮೆಣಸು ಖಾರವಲ್ಲವೇ ಎಂದು ನಾನು ಕೇಳಲಿಲ್ಲ.

ಭಾನುವಾರ ಆರು ಗಂಟೆಗೇ ತಂಡದ ವ್ಯಾನಿನಲ್ಲಿ ಅವ್ವ ಹೊರಟಳು, ಬಣ್ಣ ಹಚ್ಚಿಕೊಳ್ಳಬೇಕಿತ್ತು. ನಾನೂ ದೊಡ್ಡಪ್ಪನೂ ಎಂಟರ ಬಸ್ಸಿಗೆ ಹತ್ತಿದೆವು. ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಶಾಲು ಹೊದ್ದಿದ್ದರು. ಟಿಕೆಟ್ಟಿಗೆ ಚಿಲ್ಲರೆ ತೆಗೆಯುತ್ತಾ, "ನಿಮ್ಗೆಲ್ಲಾ ಫ್ರೀ. ಗಂಡಸಾಗಿ ಹುಟ್ಟಿದ್ದೇ ತಪ್ಪಾಯ್ತು" ಎಂದರು.

"ಸೀರೆ ಉಟ್ಕೊಂಡು ಬಂದಿದ್ರೆ ಆಗ್ತಿತ್ತು ದೊಡ್ಡಪ್ಪ. ನಿಮ್ಗೆ ಅಭ್ಯಾಸ ಇದೆಯಲ್ಲ."

ಕಂಡಕ್ಟರು ಜೋರಾಗಿ ನಕ್ಕರು. "ಏನ್ಲೇ, ಡಿಗ್ರಿ ಮಾಡಿದ್ದು ಇದಕ್ಕೇನಾ?" ಎಂದು ಗದರಿದರೂ ದೊಡ್ಡಪ್ಪನ ಮೀಸೆಯಡಿ ನಗು ಇತ್ತು. ನಾನು ಹಾಡು ಅಳಿಸಿದ್ದನ್ನು ಹೇಳಿದಾಗ ಅದು ಮಾಯವಾಯಿತು. ಮಲ್ಲಸಂದ್ರದವರೆಗೂ ಕಿಟಕಿಯಾಚೆ ನೋಡುತ್ತಾ ಕೂತರು. ಆಮೇಲೆ ಅಂದರು: "ಒಂಬತ್ತನೇ ಹಾಡು ಬಲು ಕಷ್ಟ ಕಣಮ್ಮ. ಯುದ್ಧದಿಂದ ಬರೀ ಮಗನ ಪೇಟ ಕೈಗೆ ಬತ್ತದೆ, ಅದ್ನ ಹಿಡ್ಕಂಡು ಹಾಡ್ಬೇಕು. ಅವಳು ತಪ್ಪುದ್ರೆ ನಾನು ಎದ್ದು ಹೇಳ್ಕೊಡ್ತೀನಿ. ನೀನು ನಾಚ್ಕೋಬೇಡ."

ತುಮಕೂರಿನ ಸಭಾಂಗಣದಲ್ಲಿ ಹತ್ತೂವರೆಗೆ ನಾಟಕ ಶುರುವಾಯಿತು. ಮುಕ್ಕಾಲು ಭಾಗ ತುಂಬಿತ್ತು. ವಸಂತನರಸಾಪುರದ ಫ್ಯಾಕ್ಟರಿಯ ಹುಡುಗಿಯರ ಗುಂಪೊಂದು ಯಾರದೋ ಅಕ್ಕನ ವೇಷ ನೋಡಲು ಬಂದಿತ್ತು. ವೇದಿಕೆಯ ಮೂಲೆಯಲ್ಲಿ ಮೇಷ್ಟ್ರು ಕಾಲು ಹಾರ್ಮೋನಿಯಂ ತುಳಿಯುತ್ತಿದ್ದರು. ಅವ್ವ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಕೆನ್ನೆಗೆ ಕೆಂಪು, ತಲೆಗೆ ಕಿರೀಟ, ಮೈ ತುಂಬ ಮಿಂಚುವ ಸೀರೆ. ಮುದ್ದೆ ತೊಳಸುವ ತೋಳು ನೋಡಿ ಇವಳೇ ಎಂದುಕೊಂಡೆ.

ಕೇಳಿದ್ದ ಮೂರು ಹಾಡುಗಳು ಮೊದಲೇ ಬಂದವು. ನಿಜ ಹೇಳಬೇಕೆಂದರೆ ನಾನು ಹಾಡು ಕೇಳಲಿಲ್ಲ, ಉತ್ತರಪತ್ರಿಕೆ ತಿದ್ದಿದೆ. ಈ ಸಾಲು ಸರಿ, ಇಲ್ಲಿ ಉಸಿರು ಸಾಲಲಿಲ್ಲ, ಇಲ್ಲಿ ಒಂದು ಪದ ಬಿಟ್ಟಳು. ಎರಡನೇ ಹಾಡಿನಲ್ಲಿ ಒಂದು ಕಡೆ ದನಿ ಫೋನಿನಲ್ಲಿ ಇದ್ದದ್ದಕ್ಕಿಂತ ಮೇಲೆ ಹೋಯಿತು. ಹೆದರಿ ಕುರ್ಚಿ ಹಿಡಿದುಕೊಂಡೆ. ಆದರೆ ಮೇಷ್ಟ್ರು ತಲೆದೂಗಿದರು, ದೊಡ್ಡಪ್ಪ ಸರಿಯಾದ ಜಾಗಕ್ಕೆ "ಒನ್ಸ್‌ಮೋರ್!" ಎಂದು ಕೂಗಿದರು, ಹಿಂದಿನಿಂದ ಇನ್ನೂ ನಾಲ್ಕಾರು ದನಿ ಸೇರಿದವು. ಅವ್ವ ಮತ್ತೆ ಹಾಡಿದಳು. ಎರಡನೇ ಸಲ ನನಗೂ ಸುಖವಾಗಿಯೇ ಇತ್ತು, ಗೊತ್ತಿದ್ದ ಮನೆಗೆ ಹೋಗಿ ಕೂತ ಹಾಗೆ. ದೊಡ್ಡಪ್ಪ ಹೇಳುವುದರಲ್ಲಿ ಸುಳ್ಳಿಲ್ಲ.

ನಾಲ್ಕನೆಯದರಿಂದ ಮುಂದೆ ನನಗೆ ಏನೂ ಗೊತ್ತಿರಲಿಲ್ಲ. ತಿದ್ದಲು ಏನೂ ಇರಲಿಲ್ಲವಾದ್ದರಿಂದ ಸುಮ್ಮನೆ ಕೂತೆ. ಕಥೆ ತಾನಾಗಿ ನಡೆಯಿತು. ಮಧ್ಯಾಹ್ನ ಒಂದರ ಹೊತ್ತಿಗೆ ಮಂತ್ರಿ ಬಂದ, ಅಂದರೆ ಮೀಸೆ ಅಂಟಿಸಿಕೊಂಡ ನಮ್ಮ ಬೀದಿಯ ಟೈಲರ್ ಸಾವಿತ್ರಕ್ಕ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಪೇಟ. ಮೇಷ್ಟ್ರು ಶ್ರುತಿ ಹಿಡಿದರು.

"ಕಟ್ಟಿ ಕಳಿಸಿದ ಪೇಟ ಬಿಚ್ಚಿ ಬಂದಿದೆ, ಕಟ್ಟಿದ ಕೈಗೆ ಏನ ಹೇಳಲಿ" ಎಂದು ಅವ್ವ ಹಾಡಿದಳು. ಅಲ್ಲಿಗೆ ನಿಂತಳು.

ಹಾರ್ಮೋನಿಯಂ ಒಂದು ಸುತ್ತು ಬಂತು. ಅವ್ವ ಹಾಡಲಿಲ್ಲ. ಇನ್ನೊಂದು ಸುತ್ತು ಬಂತು. ದೊಡ್ಡಪ್ಪ ಕುರ್ಚಿಯ ಅಂಚಿಗೆ ಸರಿದು ಏಳಲು ಹೊರಟರು. ನಾನು ಅವರ ಮಣಿಕಟ್ಟು ಹಿಡಿದೆ.

"ಬಿಡೇ, ಮರ್ತವ್ಳೆ! ಮುಂದಿನ ಸಾಲು ನಂಗೊತ್ತು."

"ನಂಗೊತ್ತಿಲ್ಲ ದೊಡ್ಡಪ್ಪ," ಎಂದೆ. "ನಾನು ಅವ್ವನ ಬಾಯಲ್ಲೇ ಕೇಳ್ಬೇಕು."

ಅವ್ವ ನನ್ನ ಕಡೆ ನೋಡಿದಳು. ಆಮೇಲೆ ತಟ್ಟೆಯಿಂದ ಪೇಟ ಎತ್ತಿಕೊಂಡಳು. ಅದರ ಬಟ್ಟೆ ಬಿಚ್ಚಿಕೊಂಡು ಕೆಳಗೆ ಇಳಿಬಿದ್ದಿತ್ತು. ಅದನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ, ಒಗೆದ ಬಟ್ಟೆ ಮಡಿಸುವ ಹಾಗೆ ನಾಲ್ಕು ಮಡಿಕೆ ಮಡಿಸಿದಳು. ಸಭಾಂಗಣದಲ್ಲಿ ಒಂದು ಕೂಸೂ ಅಳಲಿಲ್ಲ. ಮಡಿಸಿದ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿತ್ತಲಿನಿಂದ ನಮ್ಮನ್ನು ಕರೆಯುವ ದನಿಯಲ್ಲಿ, ಶ್ರುತಿಗಿಂತ ಕೆಳಗೆ, ಹಾಡಿದಳು: "ಬಿಸಿಲು ಏರಿತು, ಉಣ್ಣಲು ಬಾರೋ."

ಮೇಷ್ಟ್ರು ಹಾರ್ಮೋನಿಯಮ್ಮನ್ನು ಅವಳ ದನಿಗೆ ಇಳಿಸಿದರು. ಹಾಡು ಮುಗಿಯಿತು. ಯಾರೂ ಒನ್ಸ್‌ಮೋರ್ ಅನ್ನಲಿಲ್ಲ. ದೊಡ್ಡಪ್ಪನೂ ಅನ್ನಲಿಲ್ಲ. ಫ್ಯಾಕ್ಟರಿಯ ಹುಡುಗಿಯೊಬ್ಬಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇನ್ನೊಮ್ಮೆ ಹಾಡು ಎಂದು ಆ ತಾಯಿಗೆ ಹೇಳುವ ಬಾಯಿ ಯಾರಿಗೂ ಇರಲಿಲ್ಲ.

ಪರದೆ ಬಿದ್ದ ಮೇಲೆ ಬಣ್ಣದ ಕೋಣೆಗೆ ಓಡಿದೆ. ಅವ್ವ ಕಿರೀಟ ತೆಗೆದು ನೀರು ಕುಡಿಯುತ್ತಿದ್ದಳು.

"ಮರೆತಿದ್ಯೇನವ್ವ?"

"ಹೂಂ ಕಣೇ. ಹಂಡೆ ತೊಳದಂಗೆ ಎಲ್ಲಾ ಹೊಂಟೋಗಿತ್ತು. ನಿನ್ನ ಮುಖ ನೋಡ್ದೆ. ಅಲ್ಲೂ ಇರ್ಲಿಲ್ಲ. ಇನ್ನು ನಾನೇ ಹುಡುಕ್ಬೇಕಲ್ಲ ಅನ್ಕಂಡು ಬಟ್ಟೆ ಮಡುಸ್ದೆ. ಮಡುಸ್ತಾ ಮಡುಸ್ತಾ ಬಂತು."

ಮೂರು ಗಂಟೆಗೆ ಹದಿನಾಲ್ಕು ಜನರನ್ನೂ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಅರ್ಧ ಬಣ್ಣ ಒರೆಸಿಕೊಂಡವರು, ಮೀಸೆ ಕೈಯಲ್ಲಿ ಹಿಡಿದುಕೊಂಡವರು. ಒಬ್ಬೊಬ್ಬರ ಹೆಸರು ಕರೆದು ಪ್ರಶಸ್ತಿಪತ್ರ ಕೊಟ್ಟರು. ಅವ್ವನ ಸರದಿ ಬಂದಾಗ ಮೇಷ್ಟ್ರು ಎದ್ದು, ಈ ಪಾರ್ಟನ್ನು ಹಿಂದೆ ಮಾಡಿದ ಹಿರಿಯರು ಇಲ್ಲೇ ಇದ್ದಾರೆ, ಅವರ ಕೈಯಿಂದಲೇ ಕೊಡಿಸೋಣ ಎಂದರು. ದೊಡ್ಡಪ್ಪ ಶಾಲು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ನಾನು ಫೋಟೋ ತೆಗೆಯಲು ವೇದಿಕೆಯ ಹತ್ತಿರಕ್ಕೆ ಹೋದೆ.

ಅವ್ವ ಬಾವನ ಮುಂದೆ ಸೆರಗು ಎಳೆದುಕೊಂಡು, ಎರಡೂ ಕೈ ಚಾಚಿ ಪತ್ರ ತೆಗೆದುಕೊಂಡಳು. ಎದುರಿಗೆ ಮೈಕು ಇತ್ತು. ದೊಡ್ಡಪ್ಪ ಅದಕ್ಕೆ ಬೆನ್ನು ಮಾಡಿ ನಿಂತು, ಅವಳಿಗೂ ಕೆಳಗೆ ನಿಂತ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ರತ್ನಮ್ಮ, ಮೂವತ್ತು ಸಲ ಆ ಪೇಟ ಹಿಡ್ದಿದೀನಿ ಕಣವ್ವ, ಒಂದು ಅಕ್ಷರ ಮರೀದಂಗೆ ಹಾಡಿದೀನಿ. ಮಗ ಸತ್ತೋದ ಅಂತ ನಂಗೆ ಗೊತ್ತಾಗಿದ್ದು ಇವತ್ತೇ."