ಎಲ್ಲ ಪಾಸ್ ಉಂಟಲ್ಲ!

"ನಿನ್ನ ಆ ಹುಡುಗಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಎಂತ ಕೋಪ ಅವಳಿಗೆ?"

ಕಳೆದ ಶನಿವಾರ ಕಾಪುವಿನಲ್ಲಿ, ಪಕ್ಕದ ಮನೆಯ ಲಿಲ್ಲಿ ಟೀಚರ್ ಹೀಗೆ ಕೇಳಿದರು. ಹುಡುಗಿ ಎಂದರೆ ಒಂದು ದನಿ, ಅಷ್ಟೇ. ಮಣಿಪಾಲದ ನಮ್ಮ ಸಣ್ಣ ಆಫೀಸಿನಲ್ಲಿ ಬ್ರೌಸರಿಗೆ ಜೋಡಿಸುವ ಒಂದು ಆಡ್-ಆನ್ ತಯಾರಿಸುತ್ತೇವೆ. ಬಟನ್ ಒತ್ತಿದರೆ ಪರದೆಯ ಮೇಲಿನ ಕನ್ನಡವನ್ನು ಅದು ಗಟ್ಟಿಯಾಗಿ ಓದುತ್ತದೆ. ಕಾರ್ಕಳದ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಟೀಚರಿಗೆ ಈಗ ಕಣ್ಣು ಮಂಜು. ಪೇಪರ್ ಓದಲು ಅವರಿಗಿದ್ದದ್ದು ಇದೊಂದೇ ದಾರಿ. ಹಾಕಿಕೊಟ್ಟವಳು ನಾನು.

"ಯಾವಾಗಿನಿಂದ ಟೀಚರ್?"

"ತಿಂಗಳಾಯ್ತೇನೋ. ನಾನೇ ಎಂತದೋ ಒತ್ತಿ ಹಾಳು ಮಾಡಿದೆ ಅಂತ ಸುಮ್ಮನಿದ್ದೆ. ಮತ್ತೆ ಅನಿಸಿತು, ಕಿವಿಯೂ ಹೋಯ್ತಾ ಅಂತ. ಆದರೆ ಕುಕ್ಕರ್ ಕೂಗುವುದು ಕೇಳ್ತದೆ, ಅಲ್ವಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಆಡ್-ಆನಿಗೆ ಆಟೊಮೇಟೆಡ್ ಟೆಸ್ಟ್ ಬರೆಯುವುದೇ ನನ್ನ ಕೆಲಸ. ನಾನು ಬರೆದ ಪ್ರೋಗ್ರಾಮ್ ತಾನೇ ಬ್ರೌಸರ್ ತೆರೆಯುತ್ತದೆ, ಬಟನ್ ಒತ್ತುತ್ತದೆ, ದನಿ ಹೊರಟಿತೇ ಎಂದು ನೋಡುತ್ತದೆ. (ಮನುಷ್ಯರ ಹಾಗೆಯೇ, ಬೇಸರವೊಂದಿಲ್ಲ.)

ಸೋಮವಾರ ಸಹೋದ್ಯೋಗಿ ಪ್ರಸಾದನಿಗೆ ಹೇಳಿದೆ.

"ಎಲ್ಲ ಪಾಸ್ ಉಂಟಲ್ಲ ಮಾರಾಯ್ತಿ! ಅವರ ಸ್ಪೀಕರ್ ಆಫ್ ಇರಬೇಕು."

"ಚರ್ಚಿನ ಭಾನುವಾರದ ಪೂಜೆ ಅದೇ ಸ್ಪೀಕರಿನಲ್ಲಿ ಕೇಳ್ತಾರೆ ಮಾರಾಯ."

ಸಂಜೆಯೊಳಗೆ ಕಾರಣ ಸಿಕ್ಕಿತು. ಹೊಸ ಅಪ್‌ಡೇಟಿನಲ್ಲಿ ನಾವು ಆ ದನಿಯ ಹೆಸರು ಬದಲಿಸಿದ್ದೆವು. ಮೊದಲೇ ದನಿ ಆರಿಸಿಕೊಂಡವರ ಕಂಪ್ಯೂಟರಿನಲ್ಲಿ ಆಡ್-ಆನ್ ಹಳೆಯ ಹೆಸರನ್ನೇ ಹುಡುಕಿ, ಸಿಗದೆ, ಸುಮ್ಮನಾಗುತ್ತಿತ್ತು. ನನ್ನ ಟೆಸ್ಟೋ, ಪ್ರತಿ ಸಲ ಹೊಚ್ಚಹೊಸ ಬ್ರೌಸರ್ ತೆರೆಯುತ್ತದೆ. ಹಳೆಯದೇನೂ ಉಳಿದಿರಬಾರದು, ಅದು ನಮ್ಮ ವೃತ್ತಿಯ ಶಿಸ್ತು. ಅಂದರೆ ಇಷ್ಟು ದಿನ ನಾನು ಪರೀಕ್ಷಿಸಿದ್ದು ನಿನ್ನೆ ಎಂಬುದೇ ಇಲ್ಲದ ಒಬ್ಬ ಬಳಕೆದಾರನನ್ನು. ಅಂಥವರು ಎಲ್ಲಿದ್ದಾರೆ?

ಹಳಬರ ಸೆಟ್ಟಿಂಗ್ ಇಟ್ಟುಕೊಂಡೂ ಪರೀಕ್ಷಿಸಬೇಕು ಎಂದು ಅಪ್‌ಡೇಟಿಗೆ ಮೊದಲಿನ ಮೀಟಿಂಗಿನಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಪ್ರಸಾದನಿಗೆ ನೆನಪಿಲ್ಲ. ಹೇಳಿದ್ದೆನೋ, ಹೇಳಬೇಕು ಅಂದುಕೊಂಡಿದ್ದೆನೋ? ಎಡವಟ್ಟಾದ ಮೇಲೆ ಇಷ್ಟು ಸ್ಪಷ್ಟವಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ.

ಸರಿಪಡಿಸಿದೆವು. ಹಳೆಯ ಸೆಟ್ಟಿಂಗಿನ ಟೆಸ್ಟನ್ನೂ ಸೇರಿಸಿದೆ. ಟೀಚರ ಮನೆಗೆ ಹೋಗಿ ಬಟನ್ ಒತ್ತಿದೆ. ದನಿ ಬಂತು. ಮೀನುಗಾರಿಕೆಯ ಸುದ್ದಿಯೊಂದನ್ನು ಅರ್ಧ ಕೇಳಿದರು.

"ಸಾಕು, ಆಫ್ ಮಾಡು. ಅಭ್ಯಾಸ ತಪ್ಪಿಹೋಯ್ತು. ಪೇಪರ್ ಇಲ್ಲದೆಯೂ ದಿನ ಹೋಗ್ತದೆ ಅಂತ ಗೊತ್ತಾಯ್ತಲ್ಲ. ಚಾ ಮಾಡ್ಲಾ?"

ಚಾ ಕುಡಿದೆ. ಇನ್ನೆಂತ ಮಾಡುವುದು?

ಟೀಚರ್ ಪಕ್ಕದ ಮನೆಯವರು, ಹಾಗಾಗಿ ತಿಳಿಯಿತು. ಆಫೀಸಿಗೆ ಆ ಇಡೀ ತಿಂಗಳು ಒಂದೇ ಒಂದು ದೂರು ಬಂದಿರಲಿಲ್ಲ. ತಪ್ಪು ತಮ್ಮದೇ ಎಂದು ಸುಮ್ಮನೆ ಕೂತವರು ದೂರು ಕೊಡುವುದುಂಟೇ?